ಗುಡ್ಡದ ಬುಡದಲ್ಲಿ ಕಾದವರು

ಕೇಳುಗರಿಗೆ ನಮಸ್ಕಾರ.

ಗುಡ್ಡವನ್ನು ಕಾಯುವವರು ಎಲ್ಲಿ ಕೂರಬೇಕು? ಯಾರನ್ನು ಕೇಳಿದರೂ ನೆತ್ತಿಯ ಮೇಲೆ ಎನ್ನುತ್ತಾರೆ. ಕೂರಬೇಕಾದದ್ದು ಬುಡದಲ್ಲಿ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು.

1899ರ ನವೆಂಬರ್. ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳ ಊರು ಕಿಂಬರ್ಲಿಯನ್ನು ಬೋಯರರು ಮುತ್ತಿದ್ದಾರೆ. ಬೋಯರರು ಅಲ್ಲಿ ನೆಲೆಸಿದ್ದ ಡಚ್ ಮೂಲದವರು. ಬೋಯರ್ ಎಂದರೇ ರೈತ. ಊರನ್ನು ಬಿಡಿಸಲು ಬ್ರಿಟಿಷ್ ಸೇನಾನಿ ಲಾರ್ಡ್ ಮೆಥುಯೆನ್ ರೈಲು ಹಾದಿ ಹಿಡಿದು ಬರುತ್ತಿದ್ದಾನೆ. ಬೆಲ್ಮಂಟ್‌ನಲ್ಲಿ, ಗ್ರಾಸ್ಪಾನ್‌ನಲ್ಲಿ ಬೋಯರರು ಗುಡ್ಡದ ಮೇಲೆ ಕುಳಿತರು. ಎರಡೂ ಕಡೆ ಜಾಗ ಬಿಟ್ಟು ಸರಿದರು. ನೆತ್ತಿ ಫಿರಂಗಿಗೆ ಸುಲಭದ ಗುರಿ, ಅಷ್ಟೇ.

ಇದನ್ನು ಕಂಡುಕೊಂಡವನು ಬೋಯರ್ ಸೇನಾನಿ ಕೂಸ್ ಡೆ ಲಾ ರೇ. ಮಾಡರ್ ನದಿಯ ಕಾಳಗದಲ್ಲಿ ಹಿರಿಯ ಮಗನನ್ನು ಆಗಷ್ಟೇ ಕಳೆದುಕೊಂಡಿದ್ದ ತಂದೆ ಅವನು. ಆ ದುಃಖದಲ್ಲೂ ಪಟ್ಟು ಬಿಡಲಿಲ್ಲ: ಕಿಂಬರ್ಲಿಯ ಹಾದಿಯಲ್ಲಿರುವ ಮ್ಯಾಗರ್ಸ್‌ಫಾಂಟೇನ್ ಗುಡ್ಡದ ಮೇಲೆ ಬೇಡ, ಮುಂದೆ ಬಯಲಿನಲ್ಲಿ ಕಂದಕ ತೋಡೋಣ. ಹಿರಿಯ ಸೇನಾನಿ ಕ್ರೋನ್ಯೆಗೆ ಇದು ಒಪ್ಪಿಗೆಯಾಗಲಿಲ್ಲ. ಕೊನೆಗೆ ಆರೆಂಜ್ ಫ್ರೀ ಸ್ಟೇಟ್ ಎಂಬ ಬೋಯರ್ ಗಣರಾಜ್ಯದ ಅಧ್ಯಕ್ಷ ಸ್ಟೇನ್ ಬಂದು ಡೆ ಲಾ ರೇ ಪರ ನಿಂತ. ಕಿರಿದಾದ, ಆಳವಾದ ಕಂದಕ. ತೋಡಿದ ಮಣ್ಣು ಕಾಣದಂತೆ ಹುಲ್ಲು, ಪೊದೆಗಳ ಮರೆ. ಮೇಲಿನಿಂದ ಹೊಡೆದ ಗುಂಡು ನೆಲಕ್ಕೆ ನಾಟುತ್ತದೆ. ನೆಲಮಟ್ಟದಿಂದ ಹೊಡೆದ ಮೌಸರ್ ರೈಫಲ್‌ನ ಗುಂಡು ಬಯಲನ್ನು ಸವರಿಕೊಂಡು ಹೋಗುತ್ತದೆ. ಮುಂದಿನವನಿಗೆ ತಪ್ಪಿದರೆ ಹಿಂದಿನವನಿಗೆ ತಗಲುತ್ತದೆ. ಹೊಗೆಯಿಲ್ಲದ ಮದ್ದು ಬೇರೆ, ಎಲ್ಲಿಂದ ಹೊಡೆದರೆಂದೇ ತಿಳಿಯದು!

ಡಿಸೆಂಬರ್ 10ರ ಸಂಜೆ ಬ್ರಿಟಿಷ್ ಫಿರಂಗಿಗಳು ಗುಡ್ಡದ ನೆತ್ತಿಯನ್ನು ಚಚ್ಚಿದವು. ಬಂಡೆ ಸಿಡಿಯಿತು, ದೂಳೆದ್ದಿತು. ಗಾಯಗೊಂಡವರು ಬೆರಳೆಣಿಕೆಯಷ್ಟು ಮಂದಿ. ಏಕೆ? ಬೋಯರರು ಬುಡದಲ್ಲಿದ್ದರು! ಆ ರಾತ್ರಿ ಜಡಿಮಳೆಯಲ್ಲಿ ಸ್ಕಾಟ್ಲೆಂಡಿನ ಹೈಲ್ಯಾಂಡ್ ಬ್ರಿಗೇಡ್ ಒತ್ತೊತ್ತಾಗಿ ನಡೆದು ಬಂದಿತು. ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಸಾಲು ಬಿಡಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ, ಕಾಲಡಿಯ ನೆಲವೇ ಗುಂಡು ಹಾರಿಸಿತು. ಬ್ರಿಗೇಡಿನ ಸೇನಾನಿ ವಾಕಪ್ ಮೊದಲಲ್ಲೇ ಸತ್ತ. ಉಳಿದವರು ಹಗಲೆಲ್ಲ ಬಯಲಿನಲ್ಲಿ ಬೋರಲು ಬಿದ್ದಿದ್ದರು. ಮೊಣಕಾಲುದ್ದದ ಸ್ಕಾಟಿಷ್ ಲಂಗ ಕಿಲ್ಟ್ ಉಟ್ಟ ಅವರ ಮೊಣಕಾಲಿನ ಹಿಂಭಾಗ ಬಿಸಿಲಿಗೆ ಬೊಬ್ಬೆ ಎದ್ದಿತು. ಸತ್ತವರು, ಗಾಯಾಳುಗಳು, ಕಾಣೆಯಾದವರು ಸೇರಿ ಬ್ರಿಟಿಷರ ನಷ್ಟ 900ಕ್ಕೂ ಹೆಚ್ಚು.

ಮರುತಿಂಗಳಿನ ಸ್ಪಯಾನ್ ಕೋಪ್ ಗುಡ್ಡದ ಕಾಳಗವನ್ನೂ ವಿವರಿಸಬೇಕೆಂದಿದ್ದೆ, ಸಮಯ ಮುಗಿಯಿತು. ಅಲ್ಲಿ ನೆತ್ತಿ ಹಿಡಿದವರು ಬ್ರಿಟಿಷರು. ಕಲ್ಲುನೆಲ, ಕಂದಕ ಆಳಕ್ಕೆ ಇಳಿಯಲಿಲ್ಲ. ಆ ಕಾಳಗದ ಗಾಯಾಳುಗಳನ್ನು ಹೊತ್ತು ಸಾಗಿಸಿದವರಲ್ಲಿ ಗಾಂಧೀಜಿ ಕಟ್ಟಿದ ಭಾರತೀಯ ಆಂಬ್ಯುಲೆನ್ಸ್ ದಳದವರೂ ಇದ್ದರು.

ನಮಸ್ಕಾರ.