ಒಡೆದ ಗ್ರಾಮೋಫೋನ್ ರೆಕಾರ್ಡಿನಿಂದ ಕಂಪಾಸ್ ಮಾಡಿದ್ದು ಹೇಗೆ?

ನಮಸ್ಕಾರ. ಎರಡನೇ ಮಹಾಯುದ್ಧದಲ್ಲಿ ದಾರಿ ಹುಡುಕೋದೇ ಕೆಲಸ ಆಗಿದ್ದ ಬ್ರಿಟಿಷ್ ಬಾಂಬರ್ ನ್ಯಾವಿಗೇಟರ್ ಜರ್ಮನ್ನರ ಸೆರೆಗೆ ಬಿದ್ದಮೇಲೆ ಏನು ಮಾಡ್ತಿದ್ದ?

[ಪರದೆ: ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಒಳಭಾಗ]

ವಿಮಾನದಲ್ಲಿ ಏಳು ಜನ. ಪೈಲಟ್ ಹಿಂದೆ ಪರದೆ ಎಳೆದುಕೊಂಡು ಕೂತ ನ್ಯಾವಿಗೇಟರ್ ವೇಗ, ದಿಕ್ಕು, ಗಾಳಿ ಹಿಡಿದು ಲೆಕ್ಕ ಹಾಕ್ತಾನೇ ಇರಬೇಕು. ಒಂದು ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ಪಕ್ಕಕ್ಕೆ. ಬೆಂಕಿ ಹತ್ತಿದರೆ ಪ್ಯಾರಾಶೂಟ್ ಎದೆಗೆ ಸಿಕ್ಕಿಸಿಕೊಂಡು, ಮೂತಿಯ ತಳದ ಕಿರಿದಾದ ಬಾಗಿಲಿಂದ ಹಾರಬೇಕು. ಎಷ್ಟೋ ಜನರಿಗೆ ಆ ಅವಕಾಶ ಸಿಗಲೇ ಇಲ್ಲ: ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಸತ್ತವರು 55,573, ಸೆರೆಯಾದವರು ಸುಮಾರು 9,800.

ಸಿಕ್ಕಿಬಿದ್ದವನು ಮೊದಲು ಫ್ರಾಂಕ್‌ಫರ್ಟ್ ಹತ್ತಿರದ ಜರ್ಮನ್ ವಿಚಾರಣಾ ಶಿಬಿರ ಡುಲಾಗ್ ಲುಫ್ಟ್‌ಗೆ. ಒಂಟಿ ಕೋಣೆ, ವಿಚಾರಣೆ. ಹೆಸರು, ಹುದ್ದೆ, ನಂಬರ್ ಬಿಟ್ಟು ಬಾಯಿ ಬಿಡಬಾರದು. ರೆಡ್‌ಕ್ರಾಸ್ ಹೆಸರಲ್ಲಿ ನಕಲಿ ಫಾರಂ ಕೊಟ್ಟು ವಿಮಾನ ನೆಲೆಯ ವಿಷಯ ಕೆದಕುತ್ತಿದ್ದರು. ಆಮೇಲೆ ಅನೇಕ ಅಧಿಕಾರಿಗಳು ಸಾಗಾನ್‌ನ ಸ್ಟಾಲಾಗ್ ಲುಫ್ಟ್ 3 ಎಂಬ ಸೆರೆಶಿಬಿರಕ್ಕೆ. ಆ ಊರು ಈಗ ಪೋಲೆಂಡ್‌ನಲ್ಲಿದೆ.

[ಪರದೆ: ಕಂಪಾಸಿನ ಬಿಡಿಭಾಗಗಳು]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಶಿಬಿರದಿಂದ ಸುರಂಗ ತೋಡಿ ಹೊರಬಂದವನಿಗೆ ಕತ್ತಲ ಕಾಡಲ್ಲಿ ದಿಕ್ಕು ಬೇಕಲ್ಲ? ಕಂಪಾಸ್ ಮಾಡುವ ತಂಡದ ಮುಖ್ಯಸ್ಥ ಆಸ್ಟ್ರೇಲಿಯಾದ ಆಲ್ ಹೇಕ್. ಅವನು ನ್ಯಾವಿಗೇಟರ್ ಅಲ್ಲ, ಸ್ಪಿಟ್‌ಫೈರ್ ಯುದ್ಧವಿಮಾನದ ಪೈಲಟ್. ಒಡೆದ ರೆಕಾರ್ಡ್ ಕಾಯಿಸಿದರೆ ಹೋಳಿಗೆ ಕಣಕದಷ್ಟು ಮೆತ್ತಗಾಗುತ್ತೆ. ಅದನ್ನು ಅಚ್ಚಿಗೆ ಒತ್ತಿದರೆ ಡಬ್ಬಿ ಸಿದ್ಧ. ನಡುವೆ ಗ್ರಾಮೋಫೋನ್ ಮುಳ್ಳು, ಅದರ ಮೇಲೆ ತಿರುಗಲು ಕಾಂತೀಯ ಉಕ್ಕಿನ ಸಣ್ಣ ಚೂರು, ಅದೇ ದಿಕ್ಕು ತೋರುವ ಸೂಜಿ. ಕಿಟಕಿಯ ಒಡಕು ಗಾಜನ್ನು ನೀರೊಳಗೇ ಕತ್ತರಿಸುತ್ತಿದ್ದರು. ಬೆಸುಗೆಗೆ ಆಹಾರದ ಡಬ್ಬಿಗಳ ಸೀಸ ಕೆರೆದದ್ದು, ಜೊತೆಗೆ ಪೈನ್ ಮರದ ಅಂಟು. ತಳದಲ್ಲಿ ‘ಮೇಡ್ ಇನ್ ಸ್ಟಾಲಾಗ್ ಲುಫ್ಟ್ 3’ ಅಂತ ಅಚ್ಚು ಬೇರೆ!

ಎಲ್ಲಿ ಕೆಡುತ್ತೆ? ಉಕ್ಕನ್ನು ಅಯಸ್ಕಾಂತಕ್ಕೆ ಒಂದೇ ದಿಕ್ಕಿಗೆ ಉಜ್ಜಬೇಕು; ಹಿಂದೆ ಮುಂದೆ ಉಜ್ಜಿದರೆ ಕಾಂತತ್ವ ನಿಲ್ಲಲ್ಲ. ಸೂಜಿಯ ಒಂದು ಬದಿ ಭಾರವಾದರೆ ಅದು ವಾಲಿ ತಳಕ್ಕೆ ತಾಗಿ ನಿಂತುಬಿಡುತ್ತೆ. ಜೇಬಲ್ಲಿ ಚಾಕು ಇದ್ದರಂತೂ ಉತ್ತರ ಕಂಡಲ್ಲಿಗೆ ಹೋಗುತ್ತೆ. ವಿಮಾನದ ಕಬ್ಬಿಣ ಕಂಪಾಸನ್ನು ಎಳೆಯುತ್ತೆ ಅಂತ ಲೆಕ್ಕ ತಿದ್ದಿದ್ದ ನ್ಯಾವಿಗೇಟರ್‌ಗೆ ಇದು ಹೊಸ ಪಾಠವೇನಲ್ಲ.

ಸಮಯ ಮುಗೀತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. 1944ರ ಮಾರ್ಚ್ 24ರ ರಾತ್ರಿ ‘ಹ್ಯಾರಿ’ ಅಂತ ಹೆಸರಿಟ್ಟಿದ್ದ ಸುರಂಗದಿಂದ 76 ಜನ ಹೊರಬಿದ್ದರು. ಸುರಂಗದ ಬಾಯಿ ಕಾಡಿನ ಮರಗಳ ಮರೆ ತಲುಪುವ ಮೊದಲೇ ತೆರೆದುಕೊಂಡಿತ್ತು, ಹೊರಗೆ ಹಿಮ. ಪಾರಾದವರು ಮೂವರು: ನಾರ್ವೆಯವರಿಬ್ಬರು, ಡಚ್ಚಿನವನೊಬ್ಬ. ಸಿಕ್ಕವರಲ್ಲಿ 50 ಜನರನ್ನು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಗುಂಡಿಟ್ಟು ಕೊಂದಿತು, ಆಲ್ ಹೇಕ್‌ನನ್ನೂ. ಸೆರೆಯಾಳು ಓಡಿಹೋಗಲು ನೋಡಿದ್ದಕ್ಕೆ ಕೊಲ್ಲುವುದು ಶಿಕ್ಷೆಯಲ್ಲ, ಕೊಲೆ. ಯುದ್ಧದ ನಂತರ ಹ್ಯಾಂಬರ್ಗ್‌ನ ನ್ಯಾಯಾಲಯವೂ ಅದನ್ನು ಯುದ್ಧಾಪರಾಧ ಅಂತಲೇ ನೋಡಿತು. ಶಿಬಿರದಲ್ಲಿ ಉಳಿದವರನ್ನು 1945ರ ಜನವರಿ ಕೊನೆಯಲ್ಲಿ, ರಷ್ಯನ್ ಸೇನೆ ಹತ್ತಿರ ಬಂದಾಗ, ಹಿಮದಲ್ಲೇ ಪಶ್ಚಿಮಕ್ಕೆ ನಡೆಸಿಕೊಂಡು ಹೋದರು.