ಮೊದಲು ಟ್ಯೂಬ್‌ಲೈಟ್ ಆರಿಸಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮುಖಗಳ ಫೋಟೊ ತೆಗೆಯುವವನು. ಬಸ್ ಸ್ಟ್ಯಾಂಡ್ ಎದುರು ಸಣ್ಣ ಸ್ಟುಡಿಯೊ ಇಟ್ಟುಕೊಂಡು ಸಂಸಾರ ಸಾಗಿಸಿದವನು. ಆಗಾಗ ಹುಡುಗರು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಸಾರ್, ಪೋರ್ಟ್ರೇಟ್ ತೆಗೆಯೋದು ಕಲಿಬೇಕು. ಯಾವ ಕ್ಯಾಮೆರಾ ತಗೊಳ್ಳಲಿ?" ನಾನು ಕೇಳುತ್ತೇನೆ, "ನಿಮ್ಮ ಮನೆಯಲ್ಲಿ ಕಿಟಕಿ ಇದೆಯೇನಪ್ಪ?" ಹುಡುಗನ ಮುಖ ಸಪ್ಪಗಾಗುತ್ತದೆ. ಮುದುಕ ತಮಾಷೆ ಮಾಡ್ತಿದ್ದಾನೆ ಅಂದುಕೊಳ್ಳುತ್ತಾನೆ.

ತಮಾಷೆ ಅಲ್ಲ. ಕಿಟಕಿ ಬೇಕು. ಕಿಟಕಿ ಇಲ್ಲದಿದ್ದರೆ ಬಾಗಿಲಾದರೂ ಸಾಕು. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ.

ಈಗ ನೀವು ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೂತಿದ್ದೀರಿ ಅಂತ ಇಟ್ಟುಕೊಳ್ಳಿ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದೆ. ಅದನ್ನು ಆರಿಸಿ. ಮನೆಯಲ್ಲಿ ಯಾರಿದ್ದಾರೋ ಅವರನ್ನು ಕಿಟಕಿಯಿಂದ 2 ಮೊಳ ದೂರಕ್ಕೆ ಕೂರಿಸಿ. ಕಿಟಕಿ ಅವರ ಪಕ್ಕಕ್ಕಿರಲಿ, ಬೆನ್ನಿಗೆ ಬೇಡ. ಈಗ ಮುಖ ನೋಡಿ. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ನೆರಳು. ತಲೆಯನ್ನು ಸ್ವಲ್ಪ ಸ್ವಲ್ಪವೇ ಕಿಟಕಿ ಕಡೆ ತಿರುಗಿಸಲು ಹೇಳಿ. ಒಂದು ಹಂತದಲ್ಲಿ ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಸಣ್ಣ ತ್ರಿಕೋನ ಮೂಡುತ್ತದೆ. ಅಲ್ಲಿ ನಿಲ್ಲಿಸಿ. ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ 17ನೇ ಶತಮಾನದಲ್ಲೇ ಮುಖಗಳನ್ನು ಈ ಬೆಳಕಿನಲ್ಲಿ ಬರೆದಿದ್ದ. ನಾವು ಸ್ಟುಡಿಯೊದವರು ಇವತ್ತಿಗೂ ಅದನ್ನು ಅವನ ಹೆಸರಿನಿಂದಲೇ ಕರೆಯುತ್ತೇವೆ. ನಿಮ್ಮ ಮನೆಯಲ್ಲಿ ಅದು ಪುಕ್ಕಟೆ ಸಿಗುತ್ತದೆ.

ನೆರಳು ತೀರಾ ಕಪ್ಪಾಯಿತು ಅನ್ನಿಸಿದರೆ ಆ ಕಡೆ ಒಂದು ಬಿಳಿ ಪಂಚೆ ಹಿಡಿಯಿರಿ. ಥರ್ಮಾಕೋಲ್ ಹಾಳೆ ಆದರೂ ಆದೀತು. ಅಷ್ಟೇ, ಸ್ಟುಡಿಯೊ ತಯಾರು.

ನನಗೇ ಇದು ತಿಳಿದದ್ದು ತಡವಾಗಿ. ಒಂದು ಪ್ರಸಂಗ ಹೇಳುತ್ತೇನೆ.

1989ನೇ ಇಸವಿ. ಒಬ್ಬ ಅಜ್ಜಿ ವೃದ್ಧಾಪ್ಯ ವೇತನದ ಅರ್ಜಿಗೆ ಫೋಟೊ ಬೇಕೆಂದು ಬಂದರು. ಒಳಗೆ ಸ್ಟೂಲಿನ ಮೇಲೆ ಕೂರಿಸಿದೆ. ಆಚೆ ಈಚೆ 500 ವಾಟಿನ ಎರಡು ದೀಪ. ಬಿಸಿ ಅಂದರೆ ಬಿಸಿ, ಹಪ್ಪಳ ಸುಡಬಹುದು. ಅಜ್ಜಿ ಉಸಿರು ಬಿಗಿ ಹಿಡಿದು ಕೂತರು. "ಸ್ವಲ್ಪ ನಗಿ ಅಜ್ಜಿ" ಅಂದೆ. "ಯಾಕಪ್ಪಾ, ಏನಾಯ್ತು?" ಅಂದರು. ಇನ್ನೇನು ಮಾಡಲಿ, ಹಾಗೇ ತೆಗೆದೆ. ಹಣೆ ತುಂಬ ಬೆವರು, ಕಣ್ಣು ಎರಡೂ ಗೋಲಿಯ ಹಾಗೆ.

ಫೋಟೊ ಮುಗಿಯಿತು. ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಜ್ಜಿ ಹೊರಗೆ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು. ಸೊಂಟದಿಂದ ಎಲೆಅಡಿಕೆ ಚೀಲ ತೆಗೆದರು. ಎಲೆಯನ್ನು ತೊಡೆಯ ಮೇಲೆ ಒರೆಸಿ, ತೊಟ್ಟು ಮುರಿದು, ಬೆರಳ ತುದಿಯಲ್ಲಿ ಸುಣ್ಣ ಸವರತೊಡಗಿದರು. ಬಿಸಿಲು ರಸ್ತೆಯಲ್ಲಿತ್ತು, ಅದರ ಬೆಳಕು ಮಾತ್ರ ಒಳಗೆ ಬರುತ್ತಿತ್ತು. ಆ ಬೆಳಕಿಗೆ ಮುಖದ ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು. ಮೂಗುಬೊಟ್ಟು ಮಿನುಗುತ್ತಿತ್ತು. ಸುಣ್ಣ ಜಾಸ್ತಿ ಆಯಿತೇನೋ, ತಮ್ಮಷ್ಟಕ್ಕೆ ತಾವೇ ಏನೋ ಗೊಣಗಿಕೊಂಡು ಸಣ್ಣಗೆ ನಕ್ಕರು.

ನನ್ನ ಕೈಯಲ್ಲಿ ಯಾಶಿಕಾ ಇತ್ತು. ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ. ರೋಲಿಗೆ 12 ಚಿತ್ರ, ಉಳಿದಿದ್ದು ಒಂದು. ಕತ್ತಿನ ಪಟ್ಟಿ ಬಿಗಿಯಾಗುವಂತೆ ಕ್ಯಾಮೆರಾ ಕೆಳಕ್ಕೆ ಎಳೆದು ಹಿಡಿದು, ಈ ಸಲ ನಾನು ಉಸಿರು ಕಟ್ಟಿದೆ. ಸೆಕೆಂಡಿನ 30ನೇ ಒಂದು ಭಾಗದಷ್ಟು ಹೊತ್ತು ಕ್ಯಾಮೆರಾ ಕಣ್ಣು ತೆರೆಯಿತು. ಟಿಕ್ ಅಂತ ಒಂದು ಸಣ್ಣ ಸದ್ದು. ಅಜ್ಜಿಗೆ ಗೊತ್ತೇ ಆಗಲಿಲ್ಲ. ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

ಕೆಲವು ವರ್ಷದ ಮೇಲೆ ಮೊಮ್ಮಗ ಬಂದ. ಅಜ್ಜಿ ತೀರಿಕೊಂಡಿದ್ದರು. ಹಾರ ಹಾಕಿ ಗೋಡೆಗೆ ಇಡಲು ದೊಡ್ಡ ಫೋಟೊ ಬೇಕಿತ್ತು. ನಾನು ಸಂಭ್ರಮದಿಂದ ಬೆಂಚಿನ ಫೋಟೊ ತೋರಿಸಿದೆ. ಹುಡುಗ ಬಹಳ ಹೊತ್ತು ನೋಡಿದ. "ನಮ್ಮಜ್ಜಿನೇ ಸಾರ್, ಹೀಗೇ ಕೂರ್ತಿದ್ದಳು" ಅಂದ. ಆಮೇಲೆ ಪಾಸ್‌ಪೋರ್ಟ್ ಸೈಜಿನದನ್ನೇ ದೊಡ್ಡದು ಮಾಡಿಸಿಕೊಂಡು ಹೋದ! "ಇದರಲ್ಲಿ ಎಲ್ಲೋ ನೋಡ್ತಿದ್ದಾಳೆ ಸಾರ್, ಮನೆಯವರು ಒಪ್ಪಲ್ಲ." ನಾನೇನು ಹೇಳಲಿ? ಬೆಂಚಿನ ಅಜ್ಜಿ ಈಗಲೂ ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಕೂತು ಸುಣ್ಣ ಹಚ್ಚುತ್ತಿದ್ದಾರೆ. ಆ 500 ವಾಟಿನ ದೀಪಗಳನ್ನು ಮಾತ್ರ ನಾನು ಆಮೇಲೆ ಹೆಚ್ಚು ಹೊತ್ತಿಸಲಿಲ್ಲ. ಸ್ಟೂಲನ್ನೇ ಬಾಗಿಲ ಬಳಿ ತಂದಿಟ್ಟೆ.

ಅಯ್ಯೋ, ಕತೆಯಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಮೊಬೈಲಿನಲ್ಲಿ ತೆಗೆಯುವವರು ಮುಖದ ಹತ್ತಿರಕ್ಕೆ ನುಗ್ಗಬೇಡಿ. ಮೂಗು ಬದನೆಕಾಯಿ ಆಗುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಐದಾರು ಅಡಿ ಹಿಂದೆ ನಿಂತು 2 ಪಟ್ಟು ಜೂಮ್ ಮಾಡಿ. ಪರದೆಯ ಮೇಲೆ ಕಣ್ಣನ್ನು ಮುಟ್ಟಿ, ಫೋಕಸ್ ಅಲ್ಲಿರಲಿ. ಇನ್ನು ಆ ಬ್ಯೂಟಿ ಫಿಲ್ಟರ್, ದಯವಿಟ್ಟು ತೆಗೆದುಹಾಕಿ. ರಾಗಿ ಬಣ್ಣದ ಚಂದದ ಮುಖವನ್ನು ಮೈದಾ ಮಾಡಿಬಿಡುತ್ತದೆ.

ಸ್ಫೂರ್ತಿ ಎಲ್ಲಿಂದ ಬರಬೇಕು ಅಂತ ಕೇಳುವವರಿಗೆ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಅವರ ಸುದ್ದಿ ಹೇಳಬೇಕು. 1815ರಲ್ಲಿ ಹುಟ್ಟಿದ್ದು ಕಲ್ಕತ್ತಾದಲ್ಲಿ, ಆಮೇಲೆ ನೆಲೆಸಿದ್ದು ಇಂಗ್ಲೆಂಡಿನಲ್ಲಿ. 48ನೇ ವಯಸ್ಸಿನಲ್ಲಿ ಮಗಳು ಅಳಿಯ ಒಂದು ಕ್ಯಾಮೆರಾ ಕೊಟ್ಟರು. ಆ ಮಹಾತಾಯಿ ಕಲ್ಲಿದ್ದಲಿನ ಕೋಣೆಯನ್ನು ಡಾರ್ಕ್ ರೂಮ್, ಅಂದರೆ ಫೋಟೊ ತೊಳೆಯುವ ಕತ್ತಲೆ ಕೋಣೆ, ಮಾಡಿಕೊಂಡರು. ಗಾಜು ಹಾಕಿದ ಕೋಳಿಮನೆಯನ್ನು ಸ್ಟುಡಿಯೊ ಮಾಡಿಕೊಂಡರು. ಗಾಜು ಯಾಕೆ? ಬೆಳಕಿಗೆ! ಮನೆಗೆಲಸದ ಹುಡುಗಿಯನ್ನೇ ಕೂರಿಸಿ ಮೇರಿ ಮಾತೆಯ ಚಿತ್ರ ಮಾಡಿದರು. ಫೋಕಸ್ ಸರಿಯಿಲ್ಲ ಅಂತ ಆಗಿನವರು ಆಡಿಕೊಂಡರು. ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನೂ ಹುಡುಕಿ ನೋಡಿ. ಶಾಲೆಯ ಮಕ್ಕಳು, ಬೀದಿಯ ಜನ, ಎಲ್ಲ ನಮ್ಮ ನಿಮ್ಮಂಥವರೇ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಬಗ್ಗೆ ಹೇಳಲು ಬಹಳ ಇತ್ತು, ನನ್ನ ಹಾಳೆ ಮುಗಿಯಿತು.

ನಾಳೆ ಬೆಳಿಗ್ಗೆ 8 ಗಂಟೆ ಸುಮಾರಿಗೆ ಅಮ್ಮ ತರಕಾರಿ ಹೆಚ್ಚಲು ಕೂರುತ್ತಾರಲ್ವಾ, ಮಣೆಯನ್ನು ಸ್ವಲ್ಪ ಕಿಟಕಿ ಕಡೆ ಸರಿಸಿ. ಯಾಕೆ ಅಂತ ಹೇಳಬೇಡಿ. ಹೇಳಿದರೆ ಎದ್ದು ಸೀರೆ ಬದಲಾಯಿಸಲು ಹೋಗುತ್ತಾರೆ.

ನಮಸ್ಕಾರ.