ಹಸಿರಾಗಿ ನಿಂತ ಮರ ಯಾವುದು?

(ಬದಿಯಡ್ಕದ ವಾಚನಾಲಯವೊಂದರಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟ ಹೊತ್ತು ನೋಡಿ ತೋಟಕ್ಕೆ ಮದ್ದು ಬಿಡಿಸುವ ದಿನಗಳಿವು. ಅದನ್ನು ಬಿಟ್ಟು ಬಂದಿದ್ದೀರಿ, ಸಂತೋಷ. ನಾನೂ ಮದ್ದಿನ ವಿಷಯವನ್ನೇ ಮಾತಾಡುವವನು. ಕೊಳೆರೋಗದ್ದಲ್ಲ, ಮನುಷ್ಯರದ್ದು.

ಒಂದು ತೋಟಕ್ಕೆ ರೋಗ ಬಿತ್ತು ಅಂತ ಇಟ್ಟುಕೊಳ್ಳಿ. ಸುತ್ತಲಿನ ಮರಗಳೆಲ್ಲ ಹಳದಿ. ನಡುವೆ ಒಂದು ಮಾತ್ರ ಹಸಿರಾಗಿ ನಿಂತಿದೆ. ನೀವು ಯಾವ ಮರದ ಬುಡದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೀರಿ? ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರು ಮಾಡಿದ್ದೂ ಅದನ್ನೇ. ತೆಂಗಿನ ಬೇರು ಸೊರಗು ರೋಗ ಹರಡಿದ ಕಡೆಗಳಲ್ಲಿ ರೋಗ ತಾಗದ ಮರಗಳನ್ನು ಹುಡುಕಿದರು. ಅವುಗಳಿಂದ ತಳಿ ಮಾಡಿದರು. ಕಲ್ಪಶ್ರೀ ಎಂಬ ಗಿಡ್ಡ ತಳಿ ಬಂದದ್ದು ಹಾಗೆ.

ಜೀನೋಮಿನಲ್ಲಿ ಮದ್ದು ಹುಡುಕುವವರ ಬುದ್ಧಿಯೂ ಬೇರೆ ಏನಲ್ಲ. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 300 ಕೋಟಿ ಅಕ್ಷರಗಳ ಬರಹ ಇದೆ, ಅದೇ ಜೀನೋಮ್. ಅಕ್ಷರಮಾಲೆ ನಾಲ್ಕೇ: ಎ, ಟಿ, ಜಿ, ಸಿ. ಮೊದಲ ಸಲ ಅದನ್ನು ಓದಲು 1990ರಿಂದ 2003ರವರೆಗೆ 13 ವರ್ಷ ಹಿಡಿಯಿತು. ಈಗ ಒಬ್ಬರದ್ದನ್ನು ಓದಲು ಕೆಲವು ದಿನ ಸಾಕು. ಓದುವುದು ಸುಲಭವಾಗಿದೆ. ಓದಿದ ರಾಶಿಯಲ್ಲಿ ಏನನ್ನು ಹುಡುಕಬೇಕು ಅನ್ನುವುದೇ ತಲೆನೋವು.

ಒಂದು ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 2003ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕೊಲೆಸ್ಟೆರಾಲ್ ವಿಪರೀತ ಇದ್ದ ಕೆಲವು ಕುಟುಂಬಗಳಲ್ಲಿ ಪಿಸಿಎಸ್‌ಕೆ9 ಎಂಬ ಜೀನ್, ಅಂದರೆ ಆ ಬರಹದ ಒಂದು ತುಂಡು, ಅತಿಯಾಗಿ ಕೆಲಸ ಮಾಡುವುದನ್ನು ಕಂಡರು. ಅಮೆರಿಕದ ಡಲ್ಲಾಸಿನಲ್ಲಿದ್ದ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಹಾಗಾದರೆ ಈ ಜೀನ್ ಕೆಟ್ಟುಹೋದವರು ಯಾರಾದರೂ ಇದ್ದಾರಾ? ಅವರ ಕೊಲೆಸ್ಟೆರಾಲ್ ಕಡಿಮೆ ಇರಬೇಕಲ್ವಾ? ಊರಿನ ಜನರ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟೆರಾಲ್, ಅಂದರೆ ಎಲ್‌ಡಿಎಲ್ ತೀರಾ ಕಡಿಮೆ ಇದ್ದವರನ್ನು ಆರಿಸಿ ನೋಡಿದರು. ಇದ್ದರು. ಕಪ್ಪು ಜನರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿತ್ತು. 2006ರಲ್ಲಿ ಬಂದ ಲೆಕ್ಕ ಇನ್ನೂ ದೊಡ್ಡದು. 15 ವರ್ಷ ನೋಡಿಕೊಂಡು ಬಂದಾಗ ಇಂಥವರ ಎಲ್‌ಡಿಎಲ್ 28% ಕಡಿಮೆ, ಹೃದಯಾಘಾತದಂಥ ಕಾಯಿಲೆ 88% ಕಡಿಮೆ.

ಎರಡೂ ಪ್ರತಿ ಕೆಟ್ಟ ಒಬ್ಬ ಮಹಿಳೆಯೂ ಸಿಕ್ಕಿದರು. ಅವರ ಎಲ್‌ಡಿಎಲ್ 14. ಲ್ಯಾಬಿನ ಚೀಟಿಯಲ್ಲಿ 100ರ ಒಳಗೆ ಇದ್ದರೆ ನಾವು ಖುಷಿಪಡುತ್ತೇವೆ. ಇವರದ್ದು 14, ಆದರೂ ಗಟ್ಟಿಮುಟ್ಟಾಗಿದ್ದರು. ಮದ್ದು ಮಾಡುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಇಲ್ಲ. ಈ ಜೀನನ್ನು ಪೂರ್ತಿ ನಿಲ್ಲಿಸಿದರೂ ಮನುಷ್ಯ ಬದುಕುತ್ತಾನೆ ಅಂತ ಪ್ರಕೃತಿಯೇ ಮೊದಲು ಮಾಡಿ ತೋರಿಸಿತ್ತು.

ಇದು ಹೇಗೆ ಕೆಲಸ ಮಾಡುತ್ತದೆ? ಬಾವಿ ನೆನಪು ಮಾಡಿಕೊಳ್ಳಿ. ಲಿವರಿನ ಜೀವಕೋಶದ ಮೈಮೇಲೆ ಕೊಡಪಾನಗಳಿವೆ. ಅವು ರಕ್ತದಿಂದ ಎಲ್‌ಡಿಎಲ್ ತುಂಬಿಕೊಂಡು ಒಳಗೆ ಸುರಿದು ಮತ್ತೆ ಹೊರಗೆ ಬರುತ್ತವೆ. ಪಿಸಿಎಸ್‌ಕೆ9 ಜೀನ್ ತಯಾರಿಸುವ ಪ್ರೋಟೀನ್ ಹೋಗಿ ಕೊಡಪಾನಕ್ಕೆ ಅಂಟಿಕೊಂಡರೆ ಕೊಡಪಾನ ಒಳಗೇ ನಾಶ, ವಾಪಸು ಬರುವುದಿಲ್ಲ. ಕೊಡಪಾನ ಕಡಿಮೆಯಾದಷ್ಟೂ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಪಿಸಿಎಸ್‌ಕೆ9 ಅನ್ನು ಹಿಡಿದು ಕಟ್ಟಿಹಾಕುವ ಎರಡು ಇಂಜೆಕ್ಷನ್‌ಗಳಿಗೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಜೀನ್ ಗೊತ್ತಾಗಿ 12 ವರ್ಷ. ಮದ್ದಿನ ಲೋಕದಲ್ಲಿ ಇದು ಓಟ. ಬೆಲೆ ಕೇಳಬೇಡಿ. ಅಮೆರಿಕದಲ್ಲಿ ಮೊದಮೊದಲು ವರ್ಷಕ್ಕೆ 14,000 ಡಾಲರ್ ದಾಟಿತ್ತು.

ಮಣ್ಣಿನ ಸೂಕ್ಷ್ಮಜೀವಿಗಳಲ್ಲೂ ಇದೇ ಹುಡುಕಾಟ ಇದೆ. ಮೊದಲ ಮಳೆಗೆ ಮಣ್ಣು ಘಮ್ ಅನ್ನುತ್ತದಲ್ಲ, ಆ ವಾಸನೆ ಮಾಡುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಕುಟುಂಬದಿಂದಲೇ ನಮಗೆ ಎಷ್ಟೋ ಆ್ಯಂಟಿಬಯೋಟಿಕ್‌ಗಳು ಬಂದವು. 2002ರಲ್ಲಿ ಅದರ ಒಂದು ಜಾತಿಯ ಜೀನೋಮ್ ಓದಿದಾಗ ಇಂಥ ರಾಸಾಯನಿಕ ತಯಾರಿಸುವ 20ಕ್ಕೂ ಹೆಚ್ಚು ಜೀನ್ ಗುಂಪುಗಳು ಕಂಡವು. ಹೆಚ್ಚಿನವು ಏನು ತಯಾರಿಸುತ್ತವೆ ಅಂತ ಅಲ್ಲಿವರೆಗೆ ಯಾರಿಗೂ ತಿಳಿದಿರಲಿಲ್ಲ. ಅದು ಇನ್ನೊಂದು ದಿನದ ಮಾತು.

ಡಲ್ಲಾಸಿನ ಕತೆಯಲ್ಲಿ ಒಂದು ಗುಟ್ಟಿದೆ. ಬರೀ ಬಿಳಿಯರನ್ನೇ ನೋಡಿದ್ದರೆ ಅಷ್ಟು ಬಲವಾದ ಬದಲಾವಣೆ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ನಮ್ಮ ಕಡೆಯದ್ದೂ ಹಾಗೆಯೇ. ಹೃದಯದ ಸ್ನಾಯುವಿನ ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋದದ್ದು ದಕ್ಷಿಣ ಏಷ್ಯಾದ ಸುಮಾರು 4% ಜನರಲ್ಲಿದೆ ಅಂತ 2009ರಲ್ಲಿ ಗೊತ್ತಾಯಿತು. ಯುರೋಪಿನವರ ರಕ್ತ ಎಷ್ಟು ನೋಡಿದರೂ ಇದು ಕಾಣುತ್ತಿರಲಿಲ್ಲ. ಜಾತಿಯೊಳಗೇ, ಸಂಬಂಧದೊಳಗೇ ಮದುವೆ ಮಾಡಿಕೊಂಡು ಬಂದವರು ನಾವು. ಹಾಗಾಗಿ ಅಪರೂಪದ ಬದಲಾವಣೆಗಳು ಇಲ್ಲಿ ಗುಂಪುಗುಂಪಾಗಿ ಉಳಿದಿವೆ. ಜೀನೋಮ್ ಇಂಡಿಯಾ ಯೋಜನೆ 10,000 ಜನರ ಜೀನೋಮ್ ಓದಿತು. 2025ರ ಜನವರಿಯಲ್ಲಿ ಆ ಡೇಟಾ ಸಂಶೋಧಕರಿಗೆ ತೆರೆಯಿತು. ಸಪ್ತಭಾಷೆಯ ಊರು ಅಂತ ಹೆಮ್ಮೆಪಡುವ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು.

ಆದರೆ ಅಕ್ಷರ ಓದಿದರೆ ಮುಗಿಯಲಿಲ್ಲ. ಆ ಮನುಷ್ಯನಿಗೆ ಏನು ಕಾಯಿಲೆ ಬಂತು, ಏನು ಬರಲಿಲ್ಲ, ಅದೂ ಬೇಕು. ನನ್ನ ಅಮ್ಮನನ್ನೇ ತೆಗೆದುಕೊಳ್ಳಿ. ಶುಗರಿಗೆ ಇಲ್ಲಿನ ಆಸ್ಪತ್ರೆ, ಹೃದಯಕ್ಕೆ ತಲಪಾಡಿಯ ಗಡಿ ದಾಟಿ ಮಂಗಳೂರು. ಒಂದು ಕಡೆ ಅವರ ಹೆಸರು ಮಲಯಾಳಂ ಉಚ್ಚಾರದಲ್ಲಿದೆ. ಇನ್ನೊಂದು ಕಡೆ ಅಪ್ಪನ ಹೆಸರು ಸೇರಿಕೊಂಡಿದೆ. ಮೂರನೆಯ ಫೈಲಿನಲ್ಲಿ ಪ್ರಾಯ ನಾಲ್ಕು ವರ್ಷ ಕಡಿಮೆ. ಅಮ್ಮನಿಗೆ ಅದು ಖುಷಿ. ಕಂಪ್ಯೂಟರಿಗೆ ಮಾತ್ರ ಇವರು ಮೂವರು ಹೆಂಗಸರು. ಡೇಟಾ ಜಾಲಾಡುವುದು ಅಂದರೆ ದೊಡ್ಡ ಗಣಿತ ಅಂದುಕೊಳ್ಳುತ್ತಾರೆ. ನನ್ನ ದಿನದ ಅರ್ಧ ಹೋಗುವುದು ಈ ಮೂವರನ್ನು ಒಬ್ಬರನ್ನಾಗಿ ಮಾಡುವುದರಲ್ಲಿ.

ಅಮ್ಮನಿಗಾದರೂ ಮೂರು ಫೈಲಿದೆ. ನನ್ನ ದೊಡ್ಡಪ್ಪನಿಗೆ ಈಗ 91. ಎರಡು ಹೊತ್ತೂ ತೆಂಗಿನಕಾಯಿ ಅರೆದ ಪದಾರ್ಥ, ಮೇಲೆ ತುಪ್ಪ, ಊಟ ಆದ ಮೇಲೆ ಎಲೆಯಡಿಕೆ. ಎದೆನೋವು ಅಂದದ್ದು ಕೇಳಿಲ್ಲ. ಹಸಿರಾಗಿ ನಿಂತ ಮರ ಇವರೇ ಇರಬಹುದು, ಸುಮ್ನೆ ಅದೃಷ್ಟವೂ ಇರಬಹುದು. ನೋಡೋಣ ಅಂದರೆ ದಾಖಲೆ ಎಲ್ಲಿದೆ? ಕಾಯಿಲೆ ಬಿದ್ದವರದ್ದಷ್ಟೇ ನಾವು ಬರೆದಿಡುತ್ತೇವೆ. ಅವರು ಆಸ್ಪತ್ರೆಗೆ ಹೋದದ್ದು ಒಂದೇ ಸಲ, ಕಣ್ಣಿನ ಪೊರೆ ತೆಗೆಸಲು. ಆ ಫೈಲಿನಲ್ಲಿರುವುದು ಎಡಗಣ್ಣು ಮಾತ್ರ.